ರೊಟ್ಟಿ ಬಡಿಯುವ ಕೈಗೆ ಬರೆದ ಚೀಟಿ

ಕೋವಿಡ್ ಕಳೆದ ಎರಡನೇ ವರ್ಷ. ಆಗ ನಾನು ಚೆಂಬೂರಿನ ಒಂದು ಟ್ರಸ್ಟ್ ದವಾಖಾನೆಯಲ್ಲಿ ವಾರಕ್ಕೆ ಮೂರು ದಿನ ಚರ್ಮರೋಗದ ಒ.ಪಿ.ಡಿ. ನೋಡುತ್ತಿದ್ದೆ. ಗಂಗವ್ವ ಮೊದಲ ಸಲ ಬಂದ ತಿಂಗಳು ಜೂನ್ ಎಂದು ನನ್ನ ನೆನಪು. ಕೇಸ್ ಪೇಪರಿನಲ್ಲಿ ಆಗಸ್ಟ್ ಎಂದಿದೆ. ಆದ್ದರಿಂದ ಪೇಪರಿನಲ್ಲಿ ಇರುವುದನ್ನೂ ನನ್ನ ತಲೆಯಲ್ಲಿ ಇರುವುದನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಗಂಗವ್ವ ವಿಜಯಪುರದ ಕಡೆಯವರು, ಐವತ್ತರ ಆಸುಪಾಸು. ಹತ್ತಿರದ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ. ಬಲ ಮುಂಗೈ ಮೇಲೆ ಕೆಂಪು ಕಲೆ, ವಿಪರೀತ ತುರಿಕೆ. ಅಂಟುರೋಗವಲ್ಲ ಎಂದು ಡಾಕ್ಟರ ಚೀಟಿ ತಂದರೆ ಮಾತ್ರ ಒಲೆಯ ಮುಂದೆ ಜಾಗ ಎಂದು ಮಾಲಕಿ ಹೇಳಿ ಕಳಿಸಿದ್ದರು.

"ಗಿರಾಕಿಗೋಳು ರೊಟ್ಟಿ ತಿನ್ನೂಕಿಂತ ಮೊದಲ ಕಣ್ಣಿಲೆ ನನ್ನ ಕೈ ತಿಂತಾರ್ರಿ ಸಾಹೇಬ್ರ," ಎಂದರು. "ಒಂದು ಚೀಟಿ ಬರದು ಕೊಡ್ರಿ."

ಗಜಕರ್ಣ ಫಂಗಸ್‌ನಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅದರ ಗುರುತು ಉಂಗುರ: ಉಬ್ಬಿದ ಅಂಚು, ಅಂಚಿನ ಮೇಲೆ ಬಿಳಿ ಹೊಟ್ಟು, ನಡುವೆ ತಿಳಿಯಾದ ಚರ್ಮ. ಎಕ್ಸಿಮಾ ಹರಡುವುದಿಲ್ಲ, ಅದಕ್ಕೆ ಸಾಮಾನ್ಯವಾಗಿ ಅಷ್ಟು ಸ್ಪಷ್ಟವಾದ ಅಂಚೂ ಇರುವುದಿಲ್ಲ. ಗಂಗವ್ವನ ಕೈಯಲ್ಲಿ ಉಂಗುರವಿರಲಿಲ್ಲ, ಹೊಟ್ಟೂ ಇರಲಿಲ್ಲ. ದಿನವಿಡೀ ಬಿಸಿನೀರು, ಹಿಟ್ಟು. ಎಕ್ಸಿಮಾ ಎಂದು ಬರೆದೆ. ಸ್ಟೀರಾಯ್ಡ್ ಮುಲಾಮು ಕೊಟ್ಟೆ. ಚೀಟಿಗೆ ಸಹಿ ಹಾಕಿ ಶಿಕ್ಕಾ ಒತ್ತಿದೆ. ಅನುಮಾನವಿದ್ದರೆ ಚರ್ಮವನ್ನು ತುಸು ಕೆರೆದು, ಕೆ.ಒ.ಎಚ್. ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅರ್ಧ ಗಂಟೆಯ ಕೆಲಸ. ನನಗೆ ಅನುಮಾನವಿರಲಿಲ್ಲ.

ಮೂರು ವಾರದ ನಂತರ ಗಂಗವ್ವ ಮತ್ತೆ ಬಂದರು. ಕಲೆ ತೋಳು, ಎದೆ, ಸೊಂಟಕ್ಕೆ ಹಬ್ಬಿತ್ತು. ಜೊತೆಗೆ ಮಾಲಕಿ. ಅವರು ಸೆರಗು ಸರಿಸಿ ಕುತ್ತಿಗೆ ತೋರಿಸಿದರು. ಅಲ್ಲಿ ಪಠ್ಯಪುಸ್ತಕದ ಚಿತ್ರದಂಥ ಉಂಗುರವಿತ್ತು. ಖಾನಾವಳಿಯ ಅಡುಗೆಮನೆಯಲ್ಲಿ ಎಲ್ಲರಿಗೂ ಒಂದೇ ಟವೆಲ್ ಅಂತೆ.

"ಇದೇನ್ರೀ ಡಾಕ್ಟ್ರ? ನಿಮ್ಮ ಚೀಟಿಗೆ ಫ್ರೇಮ್ ಹಾಕಿಸಿ ಗಲ್ಲಾದ ಮ್ಯಾಲ ತೂಗಹಾಕ್ಲೇನು?"

ಇಬ್ಬರ ಚರ್ಮವನ್ನೂ ಕೆರೆದು ನೋಡಿದೆ. ಎರಡರಲ್ಲೂ ಫಂಗಸ್‌ನ ಎಳೆಗಳು. ಮೊದಲ ಸಲ ಬರುವ ಮುಂಚೆ ಕೈಗೆ ಏನು ಮಾಡಿದ್ದಿರಿ ಎಂದು ಗಂಗವ್ವನನ್ನು ಕೇಳಿದೆ.

"ಏನಿಲ್ರಿ. ಮೆಡಿಕಲ್‌ನಾಂವ ಕೊಟ್ಟ ಟ್ಯೂಬ್ ಹದಿನೈದು ದಿನ ಹಚ್ಚಿದ್ದೆ. ಅವತ್ತ ಮುಂಜಾನೆ ಕಲ್ಲಿಲೆ ಗಸಗಸ ತಿಕ್ಕಿ ತೊಳದು, ಕೊಬ್ಬರಿ ಎಣ್ಣಿ ಹಚ್ಚಿ ಬಂದೆ. ಡಾಕ್ಟ್ರ ಮುಂದ ಹೊಲಸ ಕೈ ಹೆಂಗ ಚಾಚೂದ್ರಿ?"

ಇಂಥ ಟ್ಯೂಬುಗಳಲ್ಲಿ ಇರುವ ಸ್ಟೀರಾಯ್ಡ್ ಉಂಗುರದ ಅಂಚನ್ನು ಅಳಿಸಿತ್ತು. ಕಲ್ಲು ಹೊಟ್ಟನ್ನು ತೆಗೆದಿತ್ತು. ಉಳಿದದ್ದನ್ನು ಎಣ್ಣೆ ಮುಚ್ಚಿತ್ತು. ಅದರ ಮೇಲೆ, ಫಂಗಸ್ ಇನ್ನೂ ಹಬ್ಬುವಂತೆ, ನಾನು ಇನ್ನಷ್ಟು ಸ್ಟೀರಾಯ್ಡ್ ಹಚ್ಚಿಸಿದ್ದೆ. ಏನಾದರೂ ಹಚ್ಚಿದ್ದೀರಾ ಎಂದು ಮೊದಲ ದಿನವೇ ಕೇಳಿದ್ದೆ, ಅವರು ಇಲ್ಲ ಎಂದಿದ್ದರು. ಹೀಗೆಂದು ನನ್ನ ನೆನಪು. ಪೇಪರಿನಲ್ಲಿ ಆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ನೆನಪು ನನ್ನ ಪರವಾಗಿದೆ; ಅದನ್ನು ನಂಬದಿರಲು ಅಷ್ಟು ಕಾರಣ ಸಾಕು.

ತಪ್ಪು ನನ್ನದು, ಗಂಗವ್ವನದಲ್ಲ ಎಂದು ಮಾಲಕಿಗೆ ಹೇಳಿದೆ.

"ಇರಬಹುದ್ರಿ. ಗಿರಾಕಿಗೆ ಅದನ್ನ ಯಾರು ತಿಳಿಸಿ ಹೇಳೂರು?" ಎಂದರು. ಒಲೆಯ ಮುಂದೆ ಆಗಲೇ ಬೇರೆಯವಳನ್ನು ಕೂರಿಸಿದ್ದರು.

ನನಗೆ ಏನೂ ಅನಿಸಲಿಲ್ಲ. ಔಷಧಿ ಬರೆದು ಮುಂದಿನ ನಂಬರ್ ಕರೆದೆ.

ಆರು ವಾರಕ್ಕೆ ಗಂಗವ್ವನ ಚರ್ಮ ಗುಣವಾಯಿತು. ಕಂದು ಗುರುತುಗಳು ಉಳಿದವು. ಪವಾಯಿಯ ಯಾವುದೋ ಬಿಲ್ಡಿಂಗಿನಲ್ಲಿ ಮೆಟ್ಟಿಲು ಒರೆಸುವ ಕೆಲಸ ಹಿಡಿದಿದ್ದರು. ಗುಣವಾಗಿದೆ ಎಂದು ಬರೆದುಕೊಡುತ್ತೇನೆ, ಬೇರೆ ಖಾನಾವಳಿಯಲ್ಲಿ ತೋರಿಸಿ ಎಂದೆ.

"ಬ್ಯಾಡ್ರಿ ಸಾಹೇಬ್ರ," ಎಂದರು, ಸಿಟ್ಟಿಲ್ಲದೆ. "ನಿಮ್ಮ ಚೀಟಿ ಒಂದ ಸಾಕಾತು."

ವೃತ್ತಿ ನನಗೆ ಕಲಿಸಿದ್ದು ಹೆಚ್ಚೇನಲ್ಲ. ಜನ ಚರ್ಮವನ್ನು ಇದ್ದ ಹಾಗೆ ತರುವುದಿಲ್ಲ. ನಮ್ಮ ಮರ್ಯಾದೆಗೆಂದು ತೊಳೆದು, ಸಿಂಗರಿಸಿ ತರುತ್ತಾರೆ. ಈಗ ಕಲೆ ನೋಡುವ ಮುನ್ನ ಅದಕ್ಕೆ ಏನೇನು ಮಾಡಿದ್ದೀರಿ ಎಂದು ಕೇಳಿ, ಉತ್ತರವನ್ನು ಅವರೆದುರೇ ಬರೆದುಕೊಳ್ಳುತ್ತೇನೆ. ಆಮೇಲೆ ಕೆರೆದು ನೋಡುತ್ತೇನೆ. ಅನುಮಾನವಿಲ್ಲದಾಗಲಂತೂ ತಪ್ಪದೆ.