ಸಂಗಮೇಶ ಗೆದ್ದ ಕಪ್

ಎದುರಾಳಿಗೆ ಮೊದಲು ನೀರು ಕೊಟ್ಟು ಆಮೇಲೆ ಸೋಲಿಸುವವನು ಸಂಗಮೇಶ. ಕಾಲೇಜಿನ ಚರ್ಚಾ ತಂಡಕ್ಕೆ ನಾನು ಸೇರಿದ ದಿನ ತನ್ನ ಬಾಟಲಿಯನ್ನು ನನ್ನ ಮುಂದಿಟ್ಟು, "ಕುಡಿ ತಂಗಿ. ನಾ ಮಾತಾಡಿ ಕುಂತ ಮ್ಯಾಲ ನಿನ್ನ ಗಂಟಲ ಒಣಗ್ತೈತಿ" ಅಂದ. ಒಣಗಿತು. ಇಂಗ್ಲಿಷ್, ಹಿಂದಿ, ಮರಾಠಿ ಮೂರರಲ್ಲೂ ವಾದಿಸುತ್ತಿದ್ದ. ಬೈಯುವುದಕ್ಕೆ ಮಾತ್ರ ಮನೆಯ ಕನ್ನಡವೇ ಬೇಕು. ತಂಡದಲ್ಲಿ ಅದು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೆ.

ಮನೆ ದಹಿಸರ್‌ನ ಚಾಳಿನಲ್ಲಿ. ಗಾರೆ ಕೆಲಸದ ಅಪ್ಪ ಕುಡಿದೇ ತೀರಿಕೊಂಡಿದ್ದ. ಅವ್ವ ಬಿಲ್ಡಿಂಗ್‌ಗಳಲ್ಲಿ ಅಡುಗೆ ಮಾಡಿ ಓದಿಸುತ್ತಿದ್ದಳು.

ನಮ್ಮ ತಂಡಕ್ಕೊಂದು ಸಂಪ್ರದಾಯವಿತ್ತು. ಗೆದ್ದ ಕಪ್ಪಿಗೆ ರಮ್ಮು, ಕೋಲಾ ಸುರಿದು ಎಲ್ಲರ ಕೈಗೂ ದಾಟಿಸುವುದು. ಗೆಲ್ಲಿಸಿದವನದೇ ಮೊದಲ ಗುಟುಕು. ಮೊದಲ ಸಲ ಗೆದ್ದಾಗ ಸಂಗಮೇಶ, ಹಿಂದಿಯಲ್ಲಿ ಬೇಡ ಬೇಡ ಎಂದು ಸಾಕಾಗಿ, ನನ್ನ ಕಡೆ ತಿರುಗಿದ. "ನನ್ನ ಪಾಲಿಂದೂ ನಮ್ಮಪ್ಪನ ಕುಡದು ಹೋಗ್ಯಾನ, ನನಗೇನೂ ಉಳದಿಲ್ಲ ಅಂತ ಹೇಳ ಇವರಿಗೆ."

ಹೇಳಿದೆ. ನಕ್ಕರು. ತಂಡದ ಉಸ್ತುವಾರಿ ಪ್ರೊಫೆಸರ್ ಅವನ ಹೆಗಲ ಮೇಲೆ ಕೈ ಹಾಕಿದರು: "ಅರೇ ಯಾರ್, ಏಕ್ ಘೂಂಟ್ ಸೇ ಕ್ಯಾ ಹೋತಾ ಹೈ? ಟೀಮ್ ಕೀ ಇಜ್ಜತ್ ಹೈ!"

ಒಂದು ಗುಟುಕಿಗೇನಾಗುತ್ತದೆ, ತಂಡದ ಮರ್ಯಾದೆ: ಇದು ವಾದವೇ? ಎಂಥ ವಾದವನ್ನೂ ಕೂತಲ್ಲೇ ಒಡೆಯುವ ಹುಡುಗ ಇದಕ್ಕೆ ಸೋತ. ಆ ಇಂಗ್ಲಿಷ್ ಮೀಡಿಯಂ ಗುಂಪು ಅವನನ್ನು ತಮ್ಮವನೆಂದು ಮುಟ್ಟಿದ್ದು ಅವತ್ತೇ ಮೊದಲು. ಕುಡಿದ. ಅವನ ಭಾಷಣಕ್ಕೆ ಬಿದ್ದದ್ದಕ್ಕಿಂತ ಜೋರಾದ ಚಪ್ಪಾಳೆ ಅದಕ್ಕೆ ಬಿತ್ತು.

ಆಮೇಲೆ ಕುಡಿಯದೆ ವೇದಿಕೆ ಹತ್ತುವುದೇ ನಿಂತುಹೋಯಿತು. ಬಿಡು ಅಂದರೆ, "ಪರ ಮಾತಾಡ್ತಿಯೋ ವಿರೋಧೋ? ಯಾವ ಬಾಜು ತಗೊಂಡ್ರೂ ನಾನ ಗೆಲ್ಲಾಂವ." ಗೆಲ್ಲುತ್ತಲೂ ಇದ್ದ. ಆ ಗೆಲುವುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೊನೆಯ ವರ್ಷ ಅವನ ನೀರಿನ ಬಾಟಲಿ ಯಾರಿಗೂ ಸಿಗುತ್ತಿರಲಿಲ್ಲ. ಕೈ ಚಾಚಿದರೆ ಚೀಲದೊಳಗೆ ತಳ್ಳಿಬಿಡುತ್ತಿದ್ದ.

ಇನ್ನೊಂದು ಕಪ್ ಗೆದ್ದು, ಕುಡಿದು, ಮನೆಗೆ ಹೊರಟವನು ಬೊರಿವಲಿ ದಾಟಿದ ಮೇಲೆ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದ.

ಸಂತಾಪ ಸಭೆಯಲ್ಲಿ ಅವನ ಫೋಟೋದ ಪಕ್ಕ ಆ ಮೊದಲ ಗೆಲುವಿನ ಕಪ್, ತುಂಬ ಸೇವಂತಿಗೆ. "ತಂದೆಯಿಂದ ಬಂದದ್ದು, ರಕ್ತದಲ್ಲೇ ಇತ್ತು" ಎಂದು ಪ್ರೊಫೆಸರ್ ಮೈಕಿನಲ್ಲಿ ಮರುಗಿದರು. ರಕ್ತದಲ್ಲೇ ಇದ್ದದ್ದನ್ನು ಕಪ್ಪಿಗೆ ಸುರಿದು ಕುಡಿಸಬೇಕಾಗಿತ್ತೇ? ಕೊನೆಗೆ ಹೂವು ತೆಗೆದು, ಗೌರವವೆಂದು ಕಪ್ಪನ್ನು ಅವನ ಅವ್ವನ ಕೈಗಿಟ್ಟರು.

ಅವಳು ಅದರೊಳಗೆ ನೋಡಿದಳು. "ಇದರಾಗನ ಕುಡಿಸಿದ್ರಂತಲ್ಲವಾ? ಅಂವನ ಹೇಳಿದ್ದ. ಗಂಡನ ಬಾಟ್ಲಿ ಹೊರಗ ಒಗದ ಒಗದ ನನ್ನ ಕೈ ಸೋತಾವ. ಇದನ್ನ ಸಾಹೇಬರು ತಮ್ಮ ಮನಿಗೆ ಒಯ್ಲಿ. ತಮ್ಮ ಮಗನ ಕೈಯಾಗ ಕೊಡ್ಲಿ." ಕಪ್ಪನ್ನು ಮೇಜಿನ ಮೇಲಿಟ್ಟಳು.

"ಕ್ಯಾ ಬೋಲ್ ರಹೀ ಹೈಂ?" ಪ್ರೊಫೆಸರ್ ನನ್ನನ್ನು ಕೇಳಿದರು.

ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವರ ಮುಂದಕ್ಕೆ ಸರಿಸಿದೆ. ಆಮೇಲೆ ಮೈಕು ತೆಗೆದುಕೊಂಡು, ಅವ್ವ ಅಂದದ್ದನ್ನು ಒಂದು ಪದವೂ ಬಿಡದೆ ಹಿಂದಿಯಲ್ಲಿ ಹೇಳಿದೆ.