ಕೆನ್ನೆ ಒತ್ತಿದ ಜಾಗ

ಹೋದ ವಾರ ಬಂಗಾರಪೇಟೆಯ ಬಣ್ಣದ ಅಂಗಡಿಯಲ್ಲಿ ಯಾರೋ ಅಗಸೆ ಎಣ್ಣೆಯ ಡಬ್ಬಿ ತೆರೆದರು. ಆ ಕಮಟು ವಾಸನೆಗೆ ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನ್ ಮನೆಗಳಲ್ಲಿ ನಮ್ಮ ಪಕ್ಕದಲ್ಲಿದ್ದ ಆಚಾರಿ ಮಾಮನ ಅಂಗೈಗೆ ಸದಾ ಇದೇ ವಾಸನೆ...

ಗಣಿ ಮುಚ್ಚಿದ ಮೇಲೆ ಮಾಮ ಹಿಡಿದದ್ದು ವಿಚಿತ್ರ ಕಸುಬು. ಹಳೆಯ ಬೇಟೆ ಬಂದೂಕುಗಳ, ಭುಜಕ್ಕೊತ್ತುವ ಮರದ ಹಿಡಿಗಳನ್ನು ಹೊಸದು ಮಾಡುವುದು. ಕಬ್ಬಿಣ ನಿಮ್ಮ ಮನೆಯಲ್ಲೇ ಇರಲಿ, ಮರ ಮಾತ್ರ ತನ್ನಿ ಎನ್ನುತ್ತಿದ್ದ. ಗಾಜಿನ ಚೂರಿನಿಂದ ಹಳೆಯ ಬಣ್ಣ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿ ತಿಕ್ಕಿ ಮರಕ್ಕೆ ಕುಡಿಸುತ್ತಿದ್ದ.

ನಮ್ಮಪ್ಪನ ರೈಫಲ್ಲೂ ಅವನ ಕೈಗೇ ಹೋಯಿತು. ಬೂದಿಕೋಟೆಯ ಹೊಲದಲ್ಲಿ ಕಡಲೆಕಾಯಿಗೆ ಬೀಳುವ ಹಂದಿಗಳನ್ನು ಓಡಿಸಲು ಅಪ್ಪ ಇಟ್ಟುಕೊಂಡಿದ್ದ ಹಳೇ ಸಾಮಾನು. ಅಪ್ಪ ತೀರಿಕೊಂಡು ಲೈಸೆನ್ಸು ಅಣ್ಣನ ಹೆಸರಿಗಾದಾಗ, ಆಯುಧಪೂಜೆಗೆ ಚೆನ್ನಾಗಿ ಕಾಣಲಿ ಎಂದು ಅಣ್ಣ ಹಿಡಿ ಬಿಚ್ಚಿ ಕೊಟ್ಟುಬಂದ. ಅಪ್ಪ ಎಡಚ. ಗುರಿ ಹಿಡಿಯುವಾಗ ಅವನ ಎಡಗೆನ್ನೆ ಒತ್ತಿ, ಬೆವರು, ತಲೆಯೆಣ್ಣೆ ಎಲ್ಲ ಇಳಿದು, ಹಿಡಿಯ ಬಲಮಗ್ಗುಲಲ್ಲಿ ಒಂದು ಕಪ್ಪು ಕಲೆ ಕೂತಿತ್ತು. ಬೇರೆಯವರ ಬಂದೂಕಿಗೆ ಆ ಕಡೆ ಕಲೆ ಇರುತ್ತಿರಲಿಲ್ಲ.

ಅಪ್ಪನ ಮೇಲಿನ ಪ್ರೀತಿಗೆ ಮಾಮ ಮೈಮುರಿದು ಕೆಲಸ ಮಾಡಿದ. ಕಲೆ ಹಾಗಿರಲಿ, ಒಂದು ಗೀರೂ ಉಳಿಯಲಿಲ್ಲ. ಹಬ್ಬದ ಬೆಳಿಗ್ಗೆ ತಾನೇ ತಂದು ಅಮ್ಮನ ಕೈಗಿಟ್ಟ. ಅಮ್ಮ ಅದನ್ನು ತಿರುಗಿಸಿದಳು, ಬೆರಳಾಡಿಸಿ ಹುಡುಕಿದಳು, ಮತ್ತೆ ತಿರುಗಿಸಿದಳು.

"ಇಲ್ಲಿ ಅವ್ರ ಕೆನ್ನೆ ಇತ್ತು ಕಣಣ್ಣಾ," ಅಂದಳು.

ಮಾಮ ತನ್ನ ಕೈಗಳನ್ನೇ ನೋಡಿಕೊಂಡು ನಿಂತ. ನನಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಅಮ್ಮನನ್ನು ಒಂದು ಮಾತೂ ಕೇಳದೆ ಕೊಟ್ಟುಬಂದ ಅಣ್ಣನ ಮೇಲಿನ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲಿಂದ ಯಾರು ಹಿಡಿ ತಂದರೂ ಮಾಮನದು ಒಂದೇ ಮಾತು. "ಮನೆ ಎಂಗಸ್ರನ್ನ ಕರ್ಕೊಂಡ್ ಬಾಪ್ಪಾ. ಯಾವ್ದು ಬುಡ್ಬೇಕು ಅಂತ ಅವ್ರು ತೋರಿಸ್ಲಿ, ಆಮೇಲೆ ಮುಟ್ತೀನಿ."

ಗಂಡಸರು ನಗುತ್ತಿದ್ದರು. ಕೆಲವರು ಬೈದುಕೊಂಡು ವಾಪಸು ಹೋದರು. ಆದರೆ ಹೆಂಗಸರು ಬರುತ್ತಿದ್ದರು. ಒಂದು ಗೀರನ್ನೋ, ಒಂದು ಕಚ್ಚನ್ನೋ ಬೆಟ್ಟು ಮಾಡಿ ತೋರಿಸುತ್ತಿದ್ದರು. ಮಾಮ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದ. ಏಕೆ ಎಂದು ಅವರನ್ನು ಕೇಳುತ್ತಿರಲಿಲ್ಲ.

ಹೋದ ವಾರ ಆ ಬಣ್ಣದ ಅಂಗಡಿಯಿಂದ ನೇರ ಬಸ್ಸು ಹತ್ತಿದೆ. ನಾವು ಲೈನ್ ಬಿಟ್ಟು ವರ್ಷಗಳೇ ಆಗಿದ್ದವು. ಮಾಮನನ್ನು ಒಮ್ಮೆ ನೋಡಿ ಬರೋಣ ಅನ್ನಿಸಿತ್ತು. ಹೋದರೆ ಮಾಮ ಇಲ್ಲ. ಮಾರನೆಯ ದಿನವೇ ತಿಥಿಯಂತೆ. ಮಕ್ಕಳು ಮನೆಗೆಲ್ಲ ಸುಣ್ಣ ಹೊಡೆಸಿದ್ದರು, ಹಸಿ ಇನ್ನೂ ಆರಿರಲಿಲ್ಲ.

ಮಾಮನ ಹೆಂಡತಿ ಜಗಲಿಯಲ್ಲಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಬೆಳ್ಳಗಿನ ಗೋಡೆಯ ಮೇಲೆ ಕೈಯಿಟ್ಟು ಹೇಳಿದಳು:

"ಇಲ್ಲೇ ಒರಗ್ಕೊಂಡು ಕೂತ್ಕಣೋರು. ತಲೆ ಗುರ್ತು ಇತ್ತು..."

"ಇದೊಂದ್ ಜಾಗ ಬಿಡ್ರೋ ಅನ್ನಬಾರ್ದಾಗಿತ್ತಾ ಅತ್ತೆ?"

"ನನ್ನ ಯಾರು ಕೇಳಿದ್ರಮ್ಮಾ," ಅಂದಳು.