ಗಾಜಿಗೆ ಕೆನ್ನೆ ಕೊಡ್ತಿದ್ದ ಮೇಸ್ತ್ರಿ

ಮೇಸ್ತ್ರಿಯ ಎಡಗೈ ಹೆಬ್ಬೆರಳ ಮೇಲೆ ಉಗುರಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ಬಿಳೀ ಗೆರೆ ಇತ್ತು. ಎರಡೂ ಕಡೆ ಹೊಲಿಗೆ ಗುರುತು. ದೂರದಿಂದ ನೋಡಿದ್ರೆ ಒಂದು ಜರಿ ಹುಳ ಕೈ ಮೇಲೆ ಮಲಗಿ ನಿದ್ದೆ ಹೋದ ಹಾಗೆ ಕಾಣೋದು. ಆ ಜರೀನ ಅಲ್ಲಿ ಮಲಗಿಸಿದ ಪುಣ್ಯಾತ್ಮ ನಾನೇ. ಬೇರೆಯವರು ಹೇಳೋ ಮೊದಲೇ ನಾನೇ ಒಪ್ಕೊಂಡುಬಿಡ್ತೀನಿ. ಒಂದು ಸ್ಕ್ರೂಡ್ರೈವರ್, ಒಂದು ಹಳೇ ಕಾರು, ಐದು ನಿಮಿಷದ ಅವಸರ. ಒಬ್ಬ ಮನುಷ್ಯನ ಕೈ ಹಾಳು ಮಾಡಕ್ಕೆ ಇಷ್ಟು ಸಾಕು.

ನಮ್ಮದು ಕಲ್ಲೂರು. ಅಜ್ಜನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ರಾಗಿ ಬಿತ್ತಿದ ಮನೆ. ವಯನಾಡು ಕೇರಳದ ಒಂದು ಜಿಲ್ಲೆ ಆದ ವರ್ಷಾನೇ, ಎಂಬತ್ತರಲ್ಲಿ, ನನಗೆ ಲೈಸೆನ್ಸ್ ಸಿಕ್ತು. ಜಿಲ್ಲೇನೂ ಹೊಸದು, ನಾನೂ ಹೊಸಬ, ಮುಂದಿನ ತಿರುವು ಎಲ್ಲಿ ಬರ್ತದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಹಳೇದು ಅಂತ ಇದ್ದಿದ್ದು ಕಾರೊಂದೇ. ಅಪ್ಪ ಒಂದು ಕಾಫಿ ತೋಟದವರಿಂದ ತಗೊಂಡ ಮೊದಲ ಕಾಲದ ಅಂಬಾಸಿಡರ್, ನನಗಿಂತ ಒಂದು ವರ್ಷ ದೊಡ್ಡದು. ಅದನ್ನ ನಾನು ಸುಲ್ತಾನ್ ಬತ್ತೇರಿ ಸ್ಟ್ಯಾಂಡಲ್ಲಿ ಬಾಡಿಗೆಗೆ ಓಡಿಸ್ತಿದ್ದೆ. ಅದರ ಮುಂದಿನ ಗಾಜು ಒಳ್ಳೆ ಬಾಗಿದ ಗಾಜು. ಆ ತರದ್ದು ಆಗಲೇ ಎಲ್ಲೂ ಸಿಗ್ತಿರಲಿಲ್ಲ. ಒಡೆದ್ರೆ ಕಾರು ಕೋಳಿಗೂಡಾಗೋದೇ ಸೈ ಅಂತ ಅಪ್ಪ ದಿನಾ ಹೇಳೋರು.

ಗಾಜಿನ ಸುತ್ತ ಕಪ್ಪು ರಬ್ಬರು, ಆ ರಬ್ಬರಿನ ಸೀಳಲ್ಲಿ ಕೂತಿರೋ ಬೆಳ್ಳಿ ಹಾಗೆ ಹೊಳೆಯೋ ಪಟ್ಟಿ. ಅದಕ್ಕೆ ಬೀಡಿಂಗ್ ಅಂತೀವಿ. ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ನಮ್ಮ ಕಡೆ ಕೊಬ್ಬರಿ ಎಣ್ಣೆ ಕೂದಲಿಗೂ ಆಗ್ತದೆ, ಮೀನಿಗೂ ಆಗ್ತದೆ, ಉಳುಕಿದ ಕಾಲಿಗೂ ಆಗ್ತದೆ. ರಬ್ಬರಿಗೆ ಯಾಕಾಗಬಾರದು ಅಂತ ಅರ್ಧ ಸೀಸೆ ಹಚ್ಚಿ ತಿಕ್ಕಿದೆ. ಮದುವಣಗಿತ್ತಿ ಜಡೆ ಹಾಗೆ ಮಿರಿಮಿರಿ ಹೊಳೀತು. ಕಾರು ನಿಲ್ಲಿಸ್ತಿದ್ದದ್ದು ಭತ್ತದ ಮೂಟೆಗಳ ಪಕ್ಕ. ಬೆಳಿಗ್ಗೆ ಎದ್ದು ನೋಡಿದ್ರೆ ಇಲಿಗಳು ಭತ್ತ ಬಿಟ್ಟು ರಬ್ಬರು ತಿಂದಿದ್ವು. ಬೀಡಿಂಗಿನ ಒಂದು ತುದಿ ಎದ್ದು ಪೊಲೀಸಿನವರ ಮೀಸೆ ಹಾಗೆ ನಿಂತಿತ್ತು. ಮೊದಲ ಮಳೆಗೇ ನೀರು ಒಳಗೆ. ಕಲ್ಪೆಟ್ಟದ ಹೊಸ ಕಲೆಕ್ಟರ್ ಆಫೀಸಿಗೆ ಹೊರಟಿದ್ದ ಹಿರಿಯರೊಬ್ಬರು ದಾರಿ ಉದ್ದಕ್ಕೂ ಅರ್ಜೀನ ಬನಿಯನ್ ಒಳಗೆ ಇಟ್ಕೊಂಡು, ಛತ್ರಿ ಬಿಚ್ಚಿ ಕೂತಿದ್ರು. ಕಾರಿನ ಒಳಗೆ!

"ಇಲಿಗೆ ಬೀಗರೂಟ ಹಾಕಿದ್ಯಲ್ಲೋ" ಅಂದ್ರು ಅಪ್ಪ. "ಹೋಗು, ಗಾಜಿನ ಮೇಸ್ತ್ರಿ ಕಾಲು ಹಿಡಿ."

ಮೇಸ್ತ್ರಿ ಇದ್ದದ್ದು ಬತ್ತೇರಿಯಿಂದ ಮೈಸೂರು ದಾರೀಲಿ, ಒಂದು ಹಲಸಿನ ಮರದ ಕೆಳಗೆ. ಸ್ಟ್ಯಾಂಡಿನ ಮಲಯಾಳಿಗಳು ಅವರನ್ನ ಆಶಾನ್ ಅಂತಿದ್ರು, ಗುರು ಅಂತ. ಇಂಜಿನ್ ಮುಟ್ಟೋರಲ್ಲ, ಬ್ರೇಕ್ ಮುಟ್ಟೋರಲ್ಲ. ಗಾಜು ಮಾತ್ರ. ಬಡಕಲು ಮೈ, ಕಾಕಿ ಅಂಗಿ, ಹೆಗಲ ಮೇಲೆ ಒಂದು ಟವೆಲ್. ಚಾ ಲೋಟಾನ ಎಡಗೈಲಿ ಹಿಡಿಯೋವಾಗ ಆ ಟವೆಲ್ಲನ್ನ ಎರಡು ಸುತ್ತು ಸುತ್ತಿಯೇ ಹಿಡಿಯೋರು.

"ಏನು ಮೇಸ್ತ್ರಿ, ಚಾಕ್ಕೆ ಇಷ್ಟು ರಾಜಮರ್ಯಾದೆ?" ಅಂತ ಮೊದಲ ದಿನಾನೇ ಕೇಳಿದ್ದೆ.

"ಬಿಸೀಗೆ ಮರ್ವಾದೆ ಕೊಡ್ಬೇಕು ಕಣ್ಲಾ. ನೀನು ಇಲೀಗೆ ಕೊಟ್ಟಂಗೆ."

ಅಂದ್ರೆ ನನ್ನ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಅವರ ಚೀಲದಲ್ಲಿ ಕಬ್ಬಿಣದ ಸಾಮಾನು ಒಂದೂ ಇರಲಿಲ್ಲ. ಒಂದು ಗೇಣುದ್ದ ಬಿದಿರಿನ ಚಕ್ಕೆ, ಒಂದು ತುದಿ ನಾಲಿಗೆ ಹಾಗೆ ತೆಳ್ಳಗೆ, ಎಷ್ಟೋ ವರ್ಷ ಉಜ್ಜಿ ಉಜ್ಜಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಅವರ ಹೆಂಡತಿ ಬೇಗೂರು ಕಾಡಿನವರು, ಜೇನು ಇಳಿಸೋ ಮನೆಯವರು. ಅವರನ್ನ ನಾನು ಅವ್ವ ಅಂತಿದ್ದೆ. ಅವ್ವನ ಅಪ್ಪ ಜೇನುತಟ್ಟಿಗೆ ಕತ್ತಿ ತಾಗಿಸ್ತಿರಲಿಲ್ಲವಂತೆ, ಬಿದಿರಲ್ಲೇ ಬಿಡಿಸೋರಂತೆ. ಮೇಸ್ತ್ರಿ ಅದನ್ನ ನೋಡಿ ಗಾಜಿಗೆ ತಂದಿದ್ರು. ಗಾಜು ಕೂರಿಸಕ್ಕೆ ಜಾರು ಬೇಕಲ್ಲ, ಅದಕ್ಕೂ ಅವ್ವನೇ. ದಾಸವಾಳದ ಎಲೆ ಬಕೆಟ್ಟಲ್ಲಿ ಹಿಸುಕಿ ಲೋಳೆ ಮಾಡಿಕೊಡೋರು. "ಎಣ್ಣೆ ರಬ್ಬರು ತಿಂತದೆ, ಇಲಿ ಮಿಕ್ಕಿದ್ದು ತಿಂತದೆ. ಇದಾದ್ರೆ ಒಣಗಿ ಎದ್ದು ಹೋಯ್ತದೆ" ಅಂತಿದ್ರು ಮೇಸ್ತ್ರಿ, ನನ್ನ ಮುಖ ನೋಡ್ಕೊಂಡು.

ಅವತ್ತು ಬೀಡಿಂಗ್ ಬಿಡಿಸಕ್ಕೆ ಕೂತ್ರು. ಕೆಳಗೆ ಮಧ್ಯದಲ್ಲಿ, ಪಟ್ಟಿಯ ಎರಡು ತುದಿ ಸೇರೋ ಜಾಗದಲ್ಲಿ, ಒಂದು ಸಣ್ಣ ಕ್ಲಿಪ್ಪು ಇರ್ತದೆ. ಅದನ್ನ ಪಕ್ಕಕ್ಕೆ ಸರಿಸಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ, ಬಿದಿರು ತುದಿ ಒಳಗೆ ಬಿಟ್ರು. ಎಡಕ್ಕೆ ಎರಡು ಬೆರಳಷ್ಟು, ಬಲಕ್ಕೆ ಎರಡು ಬೆರಳಷ್ಟು, ಮತ್ತೆ ಎಡಕ್ಕೆ. ನಡುನಡುವೆ ಬಗ್ಗಿ ಗಾಜಿಗೆ ಕೆನ್ನೆ ಇಟ್ಟು, ಕಣ್ಣು ಮುಚ್ಚಿ, ಒಂದು ಕ್ಷಣ ಹಾಗೇ ಇರೋರು.

"ಏನ್ ಮೇಸ್ತ್ರಿ, ಮುತ್ತು ಕೊಡ್ತಿದೀರಾ?"

"ಗಾಜು ಮಾತಾಡ್ತದೆ, ಕೇಳ್ತಿವ್ನಿ. ನೀನು ಬಾಯಿ ಮುಚ್ಚಿದ್ರೆ ಇನ್ನೂ ಚೆನ್ನಾಗಿ ಕೇಳ್ತದೆ."

ಮೂಲೆ ಬಂತು. ಮೂಲೇಲಿ ಪಟ್ಟಿ ಬಾಗಿರ್ತದೆ, ಅಲ್ಲೇ ಅದರ ಹಟ ಎಲ್ಲಾ. "ಕೀಳ್ಬ್ಯಾಡ, ಬುಡುಸ್ಕೊ. ಅದಾಗೇ ಬರಬೇಕು" ಅನ್ನೋದು ಅವರ ಯಾವಾಗಿನ ಮಾತು. ಇನ್ನೊಂದು ಬಿಸಿ ಬಟ್ಟೆ ತರಕ್ಕೆ ಎದ್ದು ಹೋದ್ರು. ಹೋಗೋವಾಗ ಹೇಳಿದ್ರು, "ಮುಟ್ಟಬ್ಯಾಡ ಕಣ್ಲಾ."

ನನ್ನಂಥವನಿಗೆ ಮುಟ್ಟಬೇಡ ಅಂದ್ರೆ ಕರೆದು ಕೈಗೆ ಕೊಟ್ಟ ಹಾಗೆ. ಅವರು ಬರೋದ್ರೊಳಗೆ ಮೂಲೆ ಬಿಡಿಸಿ, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರಬೇಕು, ಆಶಾನ್ ನೋಡಿ ಬೆರಗಾಗಬೇಕು ಅಂತ ನನ್ನ ಲೆಕ್ಕ. ಡಿಕ್ಕಿಯಿಂದ ಸ್ಕ್ರೂಡ್ರೈವರ್ ತೆಗೆದು ಪಟ್ಟಿ ಕೆಳಗೆ ತೂರಿಸಿ ಮೀಟಿದೆ. ಮೇಸ್ತ್ರಿ ನೋಡಿಬಿಟ್ರು. "ಲೇ ಲೇ ಲೇ" ಅಂತ ಓಡಿ ಬಂದು, ಗಾಜು ಉಳಿಸಕ್ಕೆ, ಎಡಗೈನ ನೇರವಾಗಿ ಪಟ್ಟಿ ಮೇಲೇ ಒತ್ತಿದ್ರು. ಅದೇ ಹೊತ್ತಿಗೆ ಪಟ್ಟಿ ಬಿಲ್ಲು ಬಿಟ್ಟ ಹಾಗೆ ಸಿಡಿದು ಎದ್ದಿತು.

ಗಾಜು ಉಳೀತು. ಬಾನೆಟ್ ಮೇಲೆ ಕೆಂಪು ಹನಿ ಟಪ ಟಪ ಬಿತ್ತು. ಮೇಸ್ತ್ರಿ ಆ ಹನಿ ನೋಡಿ ನನ್ನನ್ನ ಕೇಳಿದ್ರು, "ಯಾರ್ದುಲಾ ರಕ್ತ? ಎಲ್ಲಿ ಕುಯ್ಕೊಂಡೆ?"

ನಾನು ಅವರ ಕೈ ತೋರಿಸಿದೆ. ಆಮೇಲೇ ಅವರು ತಮ್ಮ ಕೈ ನೋಡ್ಕೊಂಡಿದ್ದು. ಗಾಯ ಎಲುಬು ಕಾಣೋ ಹಾಗೆ ಬಾಯಿ ಬಿಟ್ಟಿತ್ತು. ಎಂಥಾ ಗಟ್ಟಿ ಜೀವ ಅಂದ್ಕೊಂಡೆ. ಅಷ್ಟು ಗಟ್ಟಿಯಾಗಿ ಇರಕ್ಕೆ ಆಗದ ನಾನು ಅಲ್ಲೇ ಹಲಸಿನ ಬೇರಿನ ಮೇಲೆ ಕುಸಿದೆ. ಕುಯ್ದಿದ್ದು ಅವರಿಗೆ, ಮುಖಕ್ಕೆ ನೀರು ಹೊಡೆಸ್ಕೊಂಡಿದ್ದು ನಾನು.

ಡಾಕ್ಟರು ಹೊಲಿಗೆ ಹಾಕೋವಾಗಲೂ ಮೇಸ್ತ್ರಿ ಕಿಟಕಿ ಆಚೆ ಬಸ್ಸು ಎಣಿಸ್ತಾ ಕೂತಿದ್ರು. ಡಾಕ್ಟರು ಸೂಜಿ ನಿಲ್ಲಿಸಿ ಅವರ ಮುಖಾನೇ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, ನರ ಕಡಿದಿರಬಹುದು, ಈ ಕೈಗೆ ಇನ್ನು ಸ್ಪರ್ಶ ಬರೋದು ಅನುಮಾನ ಅಂದ್ರು. ಬೆರಳಲ್ಲಿ ಬದುಕೋ ಮನುಷ್ಯ. ಮಕ್ಕಳಿಲ್ಲ, ಜಮೀನಿಲ್ಲ. ಆ ಕೈ ಬಿಟ್ರೆ ಅವರಿಗೆ ಬೇರೆ ಏನಿತ್ತು?

ಮೇಸ್ತ್ರಿ ಮನೆಗೆ ಹೋಗಲಿಲ್ಲ. "ಮಳೆ ಬತ್ತದೆ, ಬೀಡಿಂಗು ಅರ್ಧ ಬಿಚ್ಚಿದ ಕಾರು ಹಂಗೇ ನಿಲ್ಲಬಾರ್ದು" ಅಂತ ಮತ್ತೆ ಹಲಸಿನ ಮರದ ಕೆಳಗೆ ಬಂದು ಡಬ್ಬಾ ಮೇಲೆ ಕೂತ್ರು. ಮಿಕ್ಕ ಬೀಡಿಂಗ್ ಬಿಡಿಸಿ, ಗಾಜು ಇಳಿಸಿ, ಅದಕ್ಕೆ ಹೊಸ ರಬ್ಬರು ತೊಡಿಸಿದ್ದು ನಾನೇ, ಅವರು ಹೇಳಿದ ಹಾಗೆ. ರಬ್ಬರಿನ ಸೀಳಲ್ಲಿ ಸುತ್ತಲೂ ಹುರಿ ಹಾಕಿ, ಲೋಳೆ ಸವರಿ, ಗಾಜನ್ನ ಚೌಕಟ್ಟಿಗೆ ಇಟ್ವಿ. ಮೇಸ್ತ್ರಿ ಒಳಗೆ ಕೂತು ಬಲಗೈಲಿ ಹುರಿ ಎಳೆದಂಗೆಲ್ಲ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂತ್ಕೊಳ್ತಿತ್ತು. ನಾನು ಹೊರಗಿಂದ ಅಂಗೈಲಿ ತಟ್ಟಿದೆ, ಮಗು ಬೆನ್ನು ತಟ್ಟಿದ ಹಾಗೆ. ಆಮೇಲೆ ಬಿದಿರು ಚಕ್ಕೆ ನನ್ನ ಕೈಗೆ ಕೊಟ್ಟು, "ಹಾಕು ಬೀಡಿಂಗು. ನಾನೇನೂ ಹೇಳಾಕಿಲ್ಲ" ಅಂದ್ರು. ಅರ್ಧ ದಿನ ಹಿಡೀತು. ಅಷ್ಟು ಹೊತ್ತು ನಾನು ಒಂದೂ ತಮಾಷೆ ಮಾಡಲಿಲ್ಲ. ನನ್ನ ಇಪ್ಪತ್ತೊಂದು ವರ್ಷದಲ್ಲಿ ಅದೇ ಮೊದಲು.

ಮುಗಿದ ಮೇಲೆ ಅವರು ಎದ್ದು ಕೆನ್ನೆ ಕೊಟ್ಟು, ಈ ಮೂಲೆಯಿಂದ ಆ ಮೂಲೆವರೆಗೆ ನಿಧಾನಕ್ಕೆ ಸರಿದ್ರು. ಒಂದು ಕಡೆ ನಿಂತು, "ಇಲ್ಲಿ ಇನ್ನೂ ಕೂತಿಲ್ಲ" ಅಂದ್ರು. ಕಣ್ಣಿಗೆ ಏನೂ ಕಾಣ್ತಿರಲಿಲ್ಲ. ಒತ್ತಿ ನೋಡಿದೆ, ಕಿಟಕ್ ಅಂತ ಕೂತ್ಕೊಳ್ತು.

ಅವತ್ತಿಂದ ಬಾಡಿಗೆ ಇಲ್ಲದ ದಿನ ಎಲ್ಲಾ ಹಲಸಿನ ಮರದ ಕೆಳಗೇ ಇರ್ತಿದ್ದೆ. ಗಾಜು ಎತ್ತೋದು, ಬಿಸಿನೀರು ಕಾಯಿಸೋದು, ಪಟ್ಟಿ ಒತ್ತೋದು. ಪ್ರಾಯಶ್ಚಿತ್ತ ಅಂತ ನಾನು ಹೇಳ್ಲಿಲ್ಲ, ಅವರೂ ಕೇಳ್ಲಿಲ್ಲ. ಆದ್ರೆ ಒಂದು ವಿಷಯದಲ್ಲಿ ನನಗೆ ಬಿಡುಗಡೆ ಇರಲಿಲ್ಲ. ಯಾವ ಗಿರಾಕಿ ಬಂದ್ರೂ ಮೇಸ್ತ್ರಿ ಮೊದಲು ಎಡಗೈ ಚಾಚಿ ತೋರಿಸೋರು.

"ಆಶಾನೇ, ಇದೆಂತು ಪಟ್ಟಿ?" ಏನಾಯ್ತು ಅಂತ ಅವರು ಮಲಯಾಳದಲ್ಲಿ ಕೇಳೋದೇ ತಡ, ಮೇಸ್ತ್ರಿ ಶುರು.

"ಇವ್ನೇ ನೋಡಿ, ಕಲ್ಲೂರಿನ ಡ್ರೈವರ್ ಸಾಹೇಬ್ರು. ಸ್ಕ್ರೂಡ್ರೈವರ್ ಹಾಕಿ ನರ ಕಡಿದ್ರು. ಈಗ ಈ ಕೈಗೆ ಬೆಂಕಿ ಇಟ್ರೂ ತಿಳಿಯಾಕಿಲ್ಲ. ಅದಕ್ಕೇ ಕೆನ್ನೇಲಿ ನೋಡ್ತೀನಿ."

ಎಲ್ಲರೂ ನನ್ನನ್ನ ನೋಡಿ ನಗೋರು. ನಾನೂ ಸುಮ್ಮನಿರ್ತಿದ್ನಾ? ಸ್ಕ್ರೂಡ್ರೈವರಲ್ಲ ಸ್ವಾಮಿ, ಹಾರೆ. ಹಾರೆ ಅಲ್ಲ, ಆನೆ ದಂತ, ಮುತ್ತಂಗ ಕಾಡಿಂದ ಆನೆ ಸಮೇತ ತಂದಿದ್ದೆ ಅಂತ ಸೇರಿಸ್ತಾ ಹೋಗ್ತಿದ್ದೆ. ಜಿಲ್ಲೆ ತುಂಬಾ ಆ ಕತೆ ಓಡ್ತು. ಮಾನಂದವಾಡಿ ಡ್ರೈವರುಗಳೂ ನನ್ನನ್ನ ಕಂಡ್ರೆ ಕೈ ಹಿಂದೆ ಕಟ್ಕೊಳ್ಳೋರು. ನಗಿಸ್ತಿದ್ದೆ, ನಿಜ. ಆದ್ರೆ ಮೇಸ್ತ್ರಿ ಟವೆಲ್ ಸುತ್ತಿ ಚಾ ಲೋಟ ಎತ್ತೋದು ಕಂಡಾಗ ನನ್ನ ಚಾ ಲೋಟಾನ ಹಾಗೇ ಕೆಳಗಿಟ್ಟುಬಿಡ್ತಿದ್ದೆ. ಆ ಟವೆಲ್ಲು ನಾನು ಬರೋ ಮೊದಲೂ ಇತ್ತು ಅನ್ನೋದು ನನ್ನ ಮಂಡೆಗೆ ಒಂದು ಸಲಾನೂ ಹೊಳೀಲಿಲ್ಲ.

ಐದು ವರ್ಷ ಹೀಗೇ ನಡೀತು. ಹೋದ ವರ್ಷ ಕರ್ಕಿಡಕದ, ಅಂದ್ರೆ ಆಷಾಢದ ಮಳೇಲಿ ಮೇಸ್ತ್ರಿಗೆ ಜ್ವರ ಬಂತು. ನಾಲ್ಕನೇ ದಿನ ಆಸ್ಪತ್ರೆಗೆ ಕರ್ಕೊಂಡು ಹೊರಟೆ, ಅದೇ ಕಾರಲ್ಲಿ. ಮುಂದಿನ ಸೀಟಲ್ಲಿ ಕೂತು ತಲೆ ವಾಲಿಸಿದವರು ಗಾಜನ್ನೇ ನೋಡ್ತಿದ್ರು. ಹೊರಗೆ ಮಳೆ ಸುರೀತಿತ್ತು, ಒಳಗೆ ಒಂದು ಹನಿ ಇಲ್ಲ. "ಚೆನ್ನಾಗಿ ಕೂರಿಸಿದ್ದೀಯಲ್ಲ" ಅಂದ್ರು. ಆಸ್ಪತ್ರೇಲಿ ಎರಡು ದಿನ ಇದ್ರು. ವಾಪಸ್ ಕರ್ಕೊಂಡು ಬಂದಿದ್ದೂ ಅದೇ ಕಾರಲ್ಲಿ, ಹಿಂದಿನ ಸೀಟಲ್ಲಿ ಮಲಗಿಸಿ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ಅವ್ವ ದಾಸವಾಳದ ಗಿಡದ ಹತ್ತಿರ ಕೂತಿದ್ರು. ಬಿದಿರು ಚಕ್ಕೆ ತಂದು ನನ್ನ ಕೈಗೆ ಇಟ್ರು. ಅದುವರೆಗೆ ಒಳಗೇ ಇಟ್ಕೊಂಡಿದ್ದನ್ನ ಇನ್ನು ತಡೆಯಕ್ಕೆ ನನ್ನಿಂದ ಆಗಲಿಲ್ಲ. "ಅವ್ವ, ಅವತ್ತು ನಾನು ಆ ಸ್ಕ್ರೂಡ್ರೈವರ್ ಹಾಕದೇ ಇದ್ದಿದ್ರೆ ಅವರ ಕೈ..." ಅಂದೆ.

ಅವ್ವ ಬೀದಿ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದ್ರು.

"ಆ ಕೈ ನೀನು ಬರೋ ಹತ್ತು ವರ್ಷ ಮೊದಲೇ ಸತ್ತೋಗಿತ್ತು ಮಗಾ. ಕುಷ್ಠ. ಮೈಸೂರ್ಗೆ ಹೋಗಿ ಗುಳಿಗೆ ನುಂಗಿ ವಾಸಿ ಮಾಡ್ಕೊಂಡ್ರು. ರೋಗ ಹೋಯ್ತು, ಜೋಮು ಹೋಗ್ನಿಲ್ಲ. ಹೆಸ್ರು ಗೊತ್ತಾಗಿದ್ರೆ ಯಾರು ಕಾರು ಮುಟ್ಟುಸ್ತಿದ್ರು? ಚಾ ಅಂಗಡೀಲಿ ಲೋಟ ಯಾರು ಕೊಡ್ತಿದ್ರು? ಯಾರಾದ್ರೂ ಕೈ ನೋಡ್ಬುಡ್ತಾರೇನೋ ಅಂತ ಹತ್ತು ವರ್ಷ ಹೆದರ್ಕೊಂಡೇ ಬದುಕಿದ್ರು. ನೀನು ಕುಯ್ದ ದಿನ ಮನೆಗೆ ಬಂದು, ಇನ್ನು ಕೈಗೇನಾಯ್ತು ಅಂತ ಕೇಳೋರಿಗೆ ಹೇಳಕ್ಕೆ ಒಂದು ಮಾತು ಸಿಕ್ತು ಕಣೇ ಅಂತ ನಕ್ಕರು. ಅಷ್ಟು ನಕ್ಕಿದ್ದು ನಾನು ನೋಡೇ ಇರ್ನಿಲ್ಲ. ನಿನಗೆ ಹೇಳಾನ ಅಂದ್ರೆ ಬ್ಯಾಡ ಅನ್ನೋರು. ಗೊತ್ತಾದ್ರೆ ಆ ಹೈದ ಮತ್ತೆ ಕಬ್ಬಿಣ ಹಿಡೀತಾನೆ, ಕತೇನೂ ಬುಟ್ಬುಡ್ತಾನೆ ಅನ್ನೋರು. ಕೊನೇ ದಿನಾನೂ ಆ ಗೆರೆ ಮೇಲೇ ಕೆನ್ನೆ ಇಟ್ಕೊಂಡಿದ್ರು ಮಗಾ, ಅಳಿಸೋಗಿದ್ದದಾ ಅಂತ ನೋಡ್ತಾ."